ಕೌಜುಗ ಸಾಕೋದು ಹೇಗೆ? ಮೊಟ್ಟೆಯಿಂದ ಮತ್ತೆ ಮೊಟ್ಟೆಯವರೆಗೆ

ಬಯಲುಸೀಮೆಯ ಹೊಲದ ಬದುವಿನಲ್ಲಿ, ಲಂಟಾನ ಪೊದೆಯಲ್ಲಿ ಬೆಳಗಾಗುತ್ತಲೇ ಜೋಡಿಯಾಗಿ ಕೂಗುವ ಗೌಜಲಕ್ಕಿಯನ್ನು ಮನೆಯಲ್ಲಿ ಸಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಸಾಕುವಂತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಕಾಡುಹಕ್ಕಿ. ಹಿಡಿಯೋದು ಮಾತ್ರವಲ್ಲ, ಅದರ ಗೂಡಿಗೆ ಕೈ ಹಾಕೋದು, ಮೊಟ್ಟೆ ಎತ್ತಿಕೊಂಡು ಬರೋದು ಕೂಡ ಆ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಹಾಗಾಗಿ ಉಳುಮೆ ಮಾಡುವಾಗ ಮೊಟ್ಟೆ ಸಿಕ್ಕಿದರೆ ಅಷ್ಟು ಜಾಗ ಬಿಟ್ಟು ಮುಂದೆ ಹೋಗಿ.

ಸಾಕಲು ಸಿಗುವುದು ಅದರ ದೂರದ ನೆಂಟ, ಜಪಾನಿ ಕೌಜುಗ. ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಗೌಜಲು ಫ್ರೈ ಅಂತ ಸಿಗೋದೂ ಬಹುತೇಕ ಇದೇ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರದ ಕೋಳಿ ಸಂಶೋಧಕರು ಇದನ್ನು ಭಾರತಕ್ಕೆ ತಂದರು. ತಲೆಮಾರುಗಳಿಂದ ಫಾರಂಗಳಲ್ಲೇ ಬೆಳೆದ ಹಕ್ಕಿ ಇದು. 2011ರಲ್ಲಿ ಹೊಸ ಫಾರಂಗಳಿಗೆ ಲೈಸೆನ್ಸ್ ಕೊಡಬೇಡಿ ಅಂತ ಕೇಂದ್ರ ಪರಿಸರ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು, ಆಮೇಲೆ ಆ ತಡೆ ಹೋಯಿತು. ಆದರೂ ಮೊಟ್ಟೆ ಅಥವಾ ಮರಿ ಕೊಂಡಾಗ ಬಿಲ್ ತೆಗೆದಿಟ್ಟುಕೊಳ್ಳಿ. ಯಾರಾದರೂ ಬಂದು ಇದು ಯಾವ ಹಕ್ಕಿ ಅಂತ ಕೇಳಿದರೆ ತೋರಿಸಲು ಒಂದು ಕಾಗದ ಇರಬೇಕು.

ಶುರು ಮಾಡೋ ಮುಂಚೆ ಒಂದು ಮಾತು. ಹೊಸಬರು ತಲೆ ಕೆಡಿಸಿಕೊಳ್ಳೋದೆಲ್ಲ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಬಗ್ಗೆ. ಯಾವ ಕಂಪನಿ, ಎಷ್ಟು ಮೊಟ್ಟೆಯದು, ತಾನಾಗಿ ಉರುಳಿಸುತ್ತಾ ಅಂತ. ಅದು ಸುಲಭದ ಭಾಗ. ಏಳೆಂಟು ಗ್ರಾಂ ತೂಗುವ ಮರಿಯನ್ನು ಮೊದಲ ವಾರ ದಾಟಿಸೋದೇ ನಿಜವಾದ ಕೆಲಸ. ಸತ್ತರೆ ಹೆಚ್ಚಿನವು ಆ ಏಳು ದಿನದಲ್ಲೇ ಸಾಯುತ್ತವೆ. ಆದ್ದರಿಂದ ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಡುವ ಜಾಗ, ಸಿದ್ಧ ಮಾಡಿಟ್ಟುಕೊಂಡ ಮೇಲೇ ಇನ್‌ಕ್ಯುಬೇಟರಿಗೆ ಮೊಟ್ಟೆ ಹಾಕಿ.

ಮೊಟ್ಟೆ ಆರಿಸೋದು

ಅಂಗಡಿಯಲ್ಲಿ ತಿನ್ನಲು ಮಾರುವ ಕೌಜುಗದ ಮೊಟ್ಟೆ ಕಾವಿಗೆ ಬೇಡ. ಅವು ಗಂಡಿಲ್ಲದ ಕೇಜುಗಳಲ್ಲಿ ಇಟ್ಟವಾಗಿರಬಹುದು, ಎಷ್ಟು ದಿನ ಹಳೆಯವೋ ಗೊತ್ತಾಗೋದಿಲ್ಲ. ಗಂಡು ಹೆಣ್ಣು ಒಟ್ಟಿಗೆ ಇರುವ ಫಾರಂನಿಂದ, ಇಟ್ಟ ದಿನ ಕೇಳಿ ತನ್ನಿ. ಎರಡು ಮೂರು ಹೆಣ್ಣಿಗೆ ಒಂದು ಗಂಡು ಇದ್ದರೆ ಒಳ್ಳೆಯ ಮೊಟ್ಟೆ ಸಿಗುತ್ತದೆ.

10ರಿಂದ 12 ಗ್ರಾಂ ತೂಕದ, ಮಾಮೂಲಿ ಆಕಾರದ ಮೊಟ್ಟೆ ಆರಿಸಿ. ತೀರಾ ಚಿಕ್ಕದು, ಉದ್ದದ್ದು, ಚಿಪ್ಪು ಸುಣ್ಣ ಬಳಿದಂತಿರೋದು ಬೇಡ. ಚಿಪ್ಪು ತುಂಬಾ ತೆಳು. ಬೆರಳ ಉಗುರು ತಗುಲಿದರೂ ಕೂದಲೆಳೆಯ ಬಿರುಕು ಬಿಡುತ್ತದೆ, ಬಣ್ಣದ ಮಚ್ಚೆಗಳ ನಡುವೆ ಅದು ಕಾಣೋದೇ ಇಲ್ಲ. ಎರಡು ಮೊಟ್ಟೆ ಮೆಲ್ಲಗೆ ತಾಗಿಸಿ ನೋಡಿ, ಬಿರುಕಿದ್ದರೆ ಸದ್ದು ಮಂಕಾಗಿ ಬರುತ್ತದೆ. ಮೊಟ್ಟೆ ತೊಳೆಯಬೇಡಿ. ಮೇಲಿನ ಪದರ ಹೋದರೆ ಕ್ರಿಮಿಗಳಿಗೆ ದಾರಿ ಬಿಟ್ಟುಕೊಟ್ಟಂತೆ. ಒಣಗಿದ ಕೊಳೆ ಸ್ವಲ್ಪ ಇದ್ದರೆ ಒಣಬಟ್ಟೆಯಲ್ಲಿ ಒರೆಸಿ, ಜಾಸ್ತಿ ಇದ್ದರೆ ಆ ಮೊಟ್ಟೆಯನ್ನೇ ಬಿಡಿ.

ಚೂಪು ತುದಿ ಕೆಳಗೆ ಮಾಡಿ, ತಂಪಾದ ಕೋಣೆಯಲ್ಲಿಡಿ. 13ರಿಂದ 16 ಡಿಗ್ರಿ ಇದ್ದರೆ ಒಂದು ವಾರ ಇಡಬಹುದು. ನಮ್ಮ ಮನೆಗಳಲ್ಲಿ ಅಷ್ಟು ತಂಪು ಎಲ್ಲಿ ಬರಬೇಕು? ಮೂರು ನಾಲ್ಕು ದಿನದೊಳಗೆ ಕಾವಿಗೆ ಹಾಕಿಬಿಡಿ. ಫ್ರಿಜ್ ವಿಪರೀತ ತಣ್ಣಗಿರುತ್ತದೆ, ಅದರೊಳಗೆ ಇಡಬೇಡಿ. ಬಸ್ಸಿನಲ್ಲೋ ಬೈಕಿನಲ್ಲೋ ತಂದ ಮೊಟ್ಟೆಗೆ ಅರ್ಧ ದಿನವಾದರೂ ಅಲುಗಾಡದೆ ವಿಶ್ರಾಂತಿ ಕೊಡಿ.

ಇನ್ನು ನಾಟಿ ಕೋಳಿಯ ಕೆಳಗಿಟ್ಟರೆ ಆಗಲ್ವಾ? ಆಗುತ್ತದೆ, ಆದರೆ ಹಗುರ ಮೈಯ ಚಿಕ್ಕ ಕೋಳಿ ಬೇಕು. ದಪ್ಪ ಕೋಳಿ ಕೂತರೆ ಅರ್ಧ ಮೊಟ್ಟೆ ಒಡೆಯುತ್ತದೆ, ಹುಟ್ಟಿದ ಮರಿಯನ್ನು ಅದೇ ತುಳಿಯುತ್ತದೆ. ಕೌಜುಗವೇ ಕಾವು ಕೂರುತ್ತಾ ಅಂತ ಕಾಯಬೇಡಿ. ಫಾರಂನಲ್ಲೇ ಬೆಳೆದು ಬೆಳೆದು ಈ ಹಕ್ಕಿಗೆ ಕಾವು ಕೂರುವ ಗುಣವೇ ಹೋಗಿದೆ. ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ, ತಿರುಗಿಯೂ ನೋಡೋದಿಲ್ಲ.

ಇನ್‌ಕ್ಯುಬೇಟರ್: ಮೊದಲ 14 ದಿನ

ಫ್ಯಾನ್ ಇರುವ ಇನ್‌ಕ್ಯುಬೇಟರ್ ಆದರೆ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಫ್ಯಾರನ್‌ಹೀಟ್. ಫ್ಯಾನ್ ಇಲ್ಲದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ ನಿಲ್ಲುತ್ತದೆ, ಹಾಗಾಗಿ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಸುಮಾರು 38.5 ಡಿಗ್ರಿ ಬೇಕು. ಡಬ್ಬಿಯ ಮೇಲೆ ಕೆಂಪಾಗಿ ಮಿನುಗುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಜ್ವರ ನೋಡುವ ಥರ್ಮಾಮೀಟರನ್ನು ಒಳಗೆ ಇಟ್ಟು ಹೋಲಿಸಿ. ಅರ್ಧ ಡಿಗ್ರಿಯಿಂದ ಒಂದು ಡಿಗ್ರಿ ವ್ಯತ್ಯಾಸ ಬರೋದು ಅಗ್ಗದ ಇನ್‌ಕ್ಯುಬೇಟರುಗಳಲ್ಲಿ ಮಾಮೂಲು, ಮರಿ ಕೆಡಲು ಅಷ್ಟು ವ್ಯತ್ಯಾಸ ಸಾಕು. ಮೊಟ್ಟೆ ಹಾಕುವ ಮುಂಚೆ ಒಂದಿಡೀ ದಿನ ಖಾಲಿ ಓಡಿಸಿ, ಮಧ್ಯಾಹ್ನದ ಸೆಕೆಯಲ್ಲೂ ನಸುಕಿನ ಚಳಿಯಲ್ಲೂ ಎಷ್ಟಿರುತ್ತದೆ ನೋಡಿ. ಬಿಸಿಲು ಬೀಳದ, ಕಿಟಕಿಯಿಂದ ದೂರದ ಒಳಕೋಣೆ ಒಳ್ಳೆಯದು.

ತೇವಾಂಶ 60 ಪರ್ಸೆಂಟ್ ಆಸುಪಾಸು ಇರಲಿ. ಇಲ್ಲಿ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದ ತೀರ್ಥಹಳ್ಳಿಯಲ್ಲಿ ನೀರಿನ ತಟ್ಟೆ ಚಿಕ್ಕದು ಸಾಕು, ಏಪ್ರಿಲ್ ತಿಂಗಳ ರಾಯಚೂರಲ್ಲಿ ಎರಡು ತಟ್ಟೆ ಇಟ್ಟು ಒಂದಕ್ಕೆ ಸ್ಪಂಜ್ ಹಾಕಬೇಕಾಗುತ್ತದೆ. ಮೀಟರ್ ಮೇಲೆ ನಂಬಿಕೆ ಇಲ್ಲದಿದ್ದರೆ ತಕ್ಕಡಿ ಹಿಡಿಯಿರಿ. ಮೊಟ್ಟೆ ಕಾವಿನಲ್ಲಿ ನೀರು ಕಳೆದುಕೊಳ್ಳುತ್ತಾ ಹಗುರವಾಗುತ್ತದೆ. 20 ಮೊಟ್ಟೆ ಒಟ್ಟಿಗೆ 220 ಗ್ರಾಂ ಇದ್ದರೆ, ಏಳನೇ ದಿನಕ್ಕೆ ಸುಮಾರು 208, ಹದಿನಾಲ್ಕನೇ ದಿನಕ್ಕೆ ಸುಮಾರು 195 ಗ್ರಾಂ ಆಗಿರಬೇಕು. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಒಳಗೆ ಒಣಗಿದೆ, ನೀರು ಹೆಚ್ಚಿಸಿ. ಇಳಿದೇ ಇಲ್ಲ ಅಂದರೆ ನೀರು ಕಮ್ಮಿ ಮಾಡಿ, ಗಾಳಿಕಿಂಡಿ ತೆರೆಯಿರಿ. ಚಿಕ್ಕ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇನ್‌ಕ್ಯುಬೇಟರಿಗೆ ಸಾವಿರಾರು ಸುರಿಯುವವರು ಇದನ್ನು ಕೊಳ್ಳೋದಿಲ್ಲ, ಯಾಕೋ!

ಮೊಟ್ಟೆ ಉರುಳಿಸೋದು ತಪ್ಪಬಾರದು. ತಾನಾಗಿ ಉರುಳಿಸುವ ಟ್ರೇ ಇದ್ದರೆ ಎರಡು ಗಂಟೆಗೊಮ್ಮೆ ಸಾಕು. ಕೋಳಿಮೊಟ್ಟೆಯ ಟ್ರೇಯಲ್ಲಿ ಈ ಮೊಟ್ಟೆ ಸಡಿಲವಾಗಿ ಕೂರುತ್ತದೆ, ಟ್ರೇ ಓಲಾಡಿದರೂ ಇದು ತಿರುಗದೆ ಜಾರುತ್ತದೆ. ಕೌಜುಗದ ಟ್ರೇಯನ್ನೇ ಕೇಳಿ ತರಿಸಿಕೊಳ್ಳಿ. ಕೈಯಲ್ಲಿ ಉರುಳಿಸುವವರು ಒಂದು ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ದಿನಕ್ಕೆ ಐದು ಸಲ ಮಾಡಿ. ಬೆಸ ಸಂಖ್ಯೆ ಯಾಕೆಂದರೆ, ಉದ್ದದ ರಾತ್ರಿಯನ್ನು ಮೊಟ್ಟೆ ದಿನಾ ಒಂದೇ ಬದಿಯಲ್ಲಿ ಕಳೆಯಬಾರದು.

ಕರೆಂಟ್ ಹೋದರೆ? ಮುಚ್ಚಳ ತೆರೆಯಬೇಡಿ. ಮೇಲೆ ಕಂಬಳಿ ಹೊದಿಸಿ. ಒಂದೆರಡು ಗಂಟೆ ತಣ್ಣಗಾದರೆ ಭ್ರೂಣ ತಡೆದುಕೊಳ್ಳುತ್ತದೆ, ಮರಿ ಸ್ವಲ್ಪ ತಡವಾಗಿ ಬರಬಹುದು ಅಷ್ಟೇ. ಬಿಸಿ ಏರೋದು ಮಾತ್ರ ಅಪಾಯ. 40 ಡಿಗ್ರಿ ಮುಟ್ಟಿದರೆ ಇಡೀ ಬ್ಯಾಚ್ ಹೋಗಬಹುದು. ಹಾಗಾಗಿ ತಾಪ ಕಮ್ಮಿ ಆಯ್ತು ಅಂತ ಗಾಬರಿಯಿಂದ ಬಲ್ಬ್ ಹಾಕಿ ಕಾಯಿಸಲು ಹೋಗಬೇಡಿ. ಲೋಡ್ ಶೆಡ್ಡಿಂಗ್ ಜಾಸ್ತಿ ಇರುವ ಊರಾದರೆ 12 ವೋಲ್ಟ್ ಬ್ಯಾಟರಿಗೂ ಓಡುವ ಇನ್‌ಕ್ಯುಬೇಟರ್ ತಗೊಳ್ಳಿ.

ಟಾರ್ಚ್ ಹಾಕಿ ಒಳಗೆ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಕೋಳಿಮೊಟ್ಟೆಯಷ್ಟು ಸುಲಭವಲ್ಲ, ಕಂದು ಮಚ್ಚೆ ಬೆಳಕು ತಡೆಯುತ್ತದೆ. ಎಂಟನೇ ದಿನದ ಹೊತ್ತಿಗೆ ಕತ್ತಲೆ ಕೋಣೆಯಲ್ಲಿ ಜೋರು ಎಲ್ಇಡಿ ಟಾರ್ಚನ್ನು ದಪ್ಪ ತುದಿಗೆ ಒತ್ತಿ ಹಿಡಿಯಿರಿ. ಒಳಗೆ ಕಪ್ಪಾಗಿದ್ದು ಮೇಲೆ ಗಾಳಿಯ ಜಾಗ ಬೇರೆಯಾಗಿ ಕಂಡರೆ ಮರಿ ಬೆಳೆಯುತ್ತಿದೆ. ಪೂರ್ತಿ ಹಳದಿಯಾಗಿ ಬೆಳಗಿದರೆ ಬೀಜ ಕಟ್ಟಿಲ್ಲ, ತೆಗೆದುಬಿಡಿ. ಅನುಮಾನ ಇದ್ದರೆ ಇರಲಿ ಬಿಡಿ.

ಮರಿ ಬರುವ ಹೊತ್ತು

ಭಾನುವಾರ ಸಂಜೆ ಕಾವಿಗೆ ಇಟ್ಟಿರಿ ಅಂದುಕೊಳ್ಳಿ. ಎರಡು ವಾರ ಕಳೆದು ಬರುವ ಭಾನುವಾರ ಸಂಜೆ ಉರುಳಿಸೋದು ನಿಲ್ಲಿಸಿ. ಟ್ರೇ ತೆಗೆದು ಮೊಟ್ಟೆಗಳನ್ನು ಮಲಗಿಸಿಡಿ. ಕೆಳಗೆ ಒರಟು ಬಟ್ಟೆ ಅಥವಾ ರಬ್ಬರ್ ಮ್ಯಾಟ್ ಹಾಸಿ, ಬರೀ ಪ್ಲಾಸ್ಟಿಕ್ ಮೇಲೆ ಬೇಡ. ಹುಟ್ಟಿದ ಮರಿಯ ಕಾಲು ಜಾರಿ ಎರಡು ಬದಿಗೆ ಚಾಚಿಕೊಂಡರೆ ಆಮೇಲೆ ಸರಿ ಮಾಡೋದು ಕಷ್ಟ. ತಾಪ 37.2ಕ್ಕೆ ಇಳಿಸಿ, ತೇವಾಂಶ 70-75ಕ್ಕೆ ಏರಿಸಿ, ಗಾಳಿಕಿಂಡಿ ತೆರೆದಿಡಿ. ಇನ್ನು ಮುಚ್ಚಳ ಮುಟ್ಟುವಂತಿಲ್ಲ.

ಬುಧವಾರ ಅಥವಾ ಗುರುವಾರ ಮರಿ ಬರುತ್ತವೆ. ಮೊದಲು ಚಿಪ್ಪಿನ ಮೇಲೆ ನಕ್ಷತ್ರದಂಥ ಒಂದು ಬಿರುಕು. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಈ ಹೊತ್ತಲ್ಲೇ ಜನ ತಾಳ್ಮೆ ಕಳೆದುಕೊಂಡು ಚಿಪ್ಪು ಬಿಡಿಸಲು ಕೂರುತ್ತಾರೆ. ಬೇಡ. ಮರಿ ಆಗ ಉಳಿದ ರಕ್ತವನ್ನು, ಭಂಡಾರವನ್ನು (ಮೊಟ್ಟೆಯ ಹಳದಿಯನ್ನು) ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ನೀವು ಚಿಪ್ಪು ಬಿಡಿಸಿದರೆ ರಕ್ತ ಸುರಿಯುತ್ತದೆ. ಅದು ತಯಾರಾದಾಗ ಒಳಗೇ ಸುತ್ತು ತಿರುಗುತ್ತಾ ದಪ್ಪ ತುದಿಯ ಸುತ್ತ ಕೊರೆಯುತ್ತದೆ, ಮುಚ್ಚಳ ತೆಗೆದ ಹಾಗೆ ಚಿಪ್ಪು ತೆರೆದುಕೊಳ್ಳುತ್ತದೆ. ಆ ಭಾಗ ಕೆಲವೇ ನಿಮಿಷದ ಕೆಲಸ.

ಹುಟ್ಟಿದ ಮರಿ ಒದ್ದೆಯಾಗಿ, ಸತ್ತಂತೆ ಬಿದ್ದಿರುತ್ತದೆ. ಅಲ್ಲೇ ಒಣಗಲಿ. ಹೊಟ್ಟೆಯಲ್ಲಿ ಭಂಡಾರ ಇರೋದರಿಂದ ಒಂದು ದಿನ ನೀರು ಆಹಾರ ಇಲ್ಲದಿದ್ದರೂ ನಡೆಯುತ್ತದೆ. ಪುಕ್ಕ ಉಬ್ಬಿ ಓಡಾಡಲು ಶುರು ಮಾಡಿದ ಮೇಲೆ ಒಂದೇ ಸಲಕ್ಕೆ ಎಲ್ಲವನ್ನೂ ಬ್ರೂಡರಿಗೆ ಹಾಕಿ. ಮನೆಯ ಚಿಕ್ಕ ಇನ್‌ಕ್ಯುಬೇಟರಿನಲ್ಲಿ 100 ಮೊಟ್ಟೆಗೆ 60-70 ಮರಿ ಬಂದರೆ ಬೇಜಾರು ಬೇಡ. ಬಾರದೆ ಉಳಿದ ಮೊಟ್ಟೆ ಎಸೆಯುವ ಮುಂಚೆ ಹೊರಗೆ ಒಯ್ದು ಒಡೆದು ನೋಡಿ, ವಾಸನೆ ಬಂದರೂ ಪರವಾಗಿಲ್ಲ. ಏನೂ ಬೆಳೆದಿರದಿದ್ದರೆ ತೊಂದರೆ ಗಂಡಿನದು ಅಥವಾ ಹಳೆಯ ಮೊಟ್ಟೆಯದು. ರಕ್ತದ ಉಂಗುರ ಕಂಡರೆ ಮೊದಲ ದಿನಗಳ ತಾಪದ್ದೋ, ಮೊಟ್ಟೆ ಇಟ್ಟುಕೊಂಡ ರೀತಿಯದೋ ತಪ್ಪು. ಪೂರ್ತಿ ಬೆಳೆದು ಚಿಪ್ಪು ಒಡೆಯದೆ ಸತ್ತಿದ್ದರೆ ತೇವಾಂಶ, ಗಾಳಿ ನೋಡಿಕೊಳ್ಳಿ.

ಮೊದಲ ವಾರ

ಮರಿ ದೊಡ್ಡ ನೆಲ್ಲಿಕಾಯಿಯಷ್ಟಿರುತ್ತದೆ. ಅಷ್ಟು ಚಿಕ್ಕ ಮೈಯಲ್ಲಿ ಬಿಸಿ ನಿಲ್ಲೋದಿಲ್ಲ. ಬಲ್ಬಿನ ಕೆಳಗೆ, ಮರಿಯ ಬೆನ್ನಿನ ಎತ್ತರದಲ್ಲಿ 35ರಿಂದ 36 ಡಿಗ್ರಿ ಇರಬೇಕು. ಮರಿ ಬರುವ ನಾಲ್ಕೈದು ಗಂಟೆ ಮುಂಚೆಯೇ ಬಲ್ಬ್ ಹಾಕಿ, ನೆಲ ಬೆಚ್ಚಗಾಗಿರಲಿ. ರಟ್ಟಿನಿಂದ ಒಂದು ಅಡಿ ಎತ್ತರದ ಸುತ್ತುಗೋಡೆ ಮಾಡಿ. ಗುಂಡಗಿದ್ದರೆ ಒಳ್ಳೆಯದು, ಮೂಲೆ ಇದ್ದರೆ ಮರಿಗಳೆಲ್ಲ ಅಲ್ಲಿ ಒತ್ತಿಕೊಂಡು ಕೆಳಗಿನವು ಉಸಿರುಗಟ್ಟುತ್ತವೆ.

ಥರ್ಮಾಮೀಟರಿಗಿಂತ ಮರಿಯನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಜೋರಾಗಿ ಕಿರುಚುತ್ತಿದ್ದರೆ ಚಳಿ. ಗೋಡೆಯ ಪಕ್ಕ ಹೋಗಿ ಬಾಯಿ ತೆರೆದು ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು, ಮೆಲ್ಲಗೆ ಸದ್ದು ಮಾಡುತ್ತಾ ತಿನ್ನುತ್ತಿದ್ದರೆ ಸರಿಯಾಗಿದೆ. ಒಂದೇ ಬದಿಗೆ ಸೇರಿಕೊಂಡಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಒಮ್ಮೆ ಎದ್ದು ನೋಡಲೇಬೇಕು. ಚಳಿ ಏರೋದು ಆಗಲೇ. ಬಲ್ಬ್ ಸುಟ್ಟುಹೋಗಬಹುದು, ಅದಕ್ಕೇ ಒಂದು ದೊಡ್ಡ ಬಲ್ಬಿನ ಬದಲು ಎರಡು ಚಿಕ್ಕ ಬಲ್ಬ್ ಹಾಕಿ. ಬಿಸಿಗೆ ಹಳೇ ಕಾಲದ ತಂತಿ ಬಲ್ಬ್ ಬೇಕು, ಎಲ್ಇಡಿ ಬೆಳಕು ಕೊಡುತ್ತದೆ ಅಷ್ಟೇ.

ನೆಲಕ್ಕೆ ನ್ಯೂಸ್‌ಪೇಪರ್ ಹಾಸಬೇಡಿ, ಜಾರುತ್ತದೆ. ಗೆರೆಗೆರೆ ಇರುವ ರಟ್ಟು ಅಥವಾ ಒಗೆದ ಗೋಣಿಚೀಲ ಹಾಸಿ. ಭತ್ತದ ಹೊಟ್ಟು ಒಂದು ವಾರ ಆದ ಮೇಲೆ. ಅದಕ್ಕೂ ಮುಂಚೆ ಹಾಕಿದರೆ ಹೊಟ್ಟನ್ನೇ ಆಹಾರ ಅಂತ ತಿನ್ನುತ್ತವೆ.

ನೀರೇ ಮರಿಗಳ ದೊಡ್ಡ ಶತ್ರು ಅಂದರೆ ನಂಬೋದು ಕಷ್ಟ. ಅರ್ಧ ಇಂಚು ನೀರಿನಲ್ಲೂ ಮುಳುಗುತ್ತವೆ. ಮುಳುಗದಿದ್ದರೂ ಒದ್ದೆಯಾಗಿ ಚಳಿ ಹಿಡಿದು ಸಾಯುತ್ತವೆ. ಬಾಟಲಿ ಮುಚ್ಚಳದಷ್ಟು ಆಳದ ತಟ್ಟೆಯಲ್ಲಿ ಗೋಲಿ ಅಥವಾ ತೊಳೆದ ಬೆಣಚುಕಲ್ಲು ತುಂಬಿ, ಸಂದಿಯಲ್ಲಿ ಮಾತ್ರ ನೀರು ಇರಲಿ. ಉಗುರು ಬೆಚ್ಚಗಿನ ನೀರು ಹಾಕಿ. ಮೊದಲ ಸಲ ನಾಲ್ಕೈದು ಮರಿಗಳ ಕೊಕ್ಕನ್ನು ನೀರಿಗೆ ಮುಟ್ಟಿಸಿದರೆ ಸಾಕು, ಉಳಿದವು ನೋಡಿ ಕಲಿಯುತ್ತವೆ.

ಇರುವೆ ಮರೆಯಬೇಡಿ. ಕೆಂಪಿರುವೆ ಸಾಲು ಒಂದು ರಾತ್ರಿಯಲ್ಲಿ ಬ್ರೂಡರಿಗೆ ಬಂದರೆ ಬೆಳಗ್ಗೆ ಏನೂ ಉಳಿದಿರೋದಿಲ್ಲ. ಬ್ರೂಡರನ್ನು ಮೇಜಿನ ಮೇಲಿಟ್ಟು, ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಮೇಲೆ ಕಾಲಿಂಚಿನ ಜಾಲರಿ ಮುಚ್ಚಿ, ಇಲಿಗೂ ಬೆಕ್ಕಿಗೂ ಅದೇ ಮದ್ದು. ಹತ್ತು ದಿನದ ಹೊತ್ತಿಗೆ ಮರಿಗಳು ಹಾರಲು ಶುರು ಮಾಡುವುದರಿಂದ ಜಾಲರಿ ಹೇಗೂ ಬೇಕು.

ಎರಡನೇ ವಾರದಿಂದ ವಾರಕ್ಕೆ ಮೂರು ಡಿಗ್ರಿಯಂತೆ ಬಿಸಿ ಇಳಿಸಿ. ಬಲ್ಬನ್ನು ಸ್ವಲ್ಪ ಮೇಲಕ್ಕೆ ಕಟ್ಟಿದರೆ ಆಯ್ತು. ಮೂರು ನಾಲ್ಕು ವಾರಕ್ಕೆ ಪುಕ್ಕ ತುಂಬಿ, ನಮ್ಮ ಬಹುತೇಕ ಊರುಗಳಲ್ಲಿ ಬಿಸಿಯೇ ಬೇಡವಾಗುತ್ತದೆ.

ಏನು ತಿನ್ನಿಸಬೇಕು

ನುಚ್ಚಕ್ಕಿ, ರಾಗಿ ಹಾಕಿ ಸಾಕುತ್ತೇನೆ ಅನ್ನೋರಿಗೆ ನನ್ನ ಉತ್ತರ: ಬೇರೆ ಹಕ್ಕಿ ಸಾಕಿ. ಐದು ವಾರದಲ್ಲಿ ಏಳು ಗ್ರಾಂನಿಂದ 180-200 ಗ್ರಾಂ ಆಗಬೇಕಾದ ಮರಿಗೆ ಮೊದಲ ಮೂರು ವಾರ ಆಹಾರದಲ್ಲಿ 25ರಿಂದ 27 ಪರ್ಸೆಂಟ್ ಪ್ರೋಟೀನ್ ಬೇಕು. ಬ್ರಾಯ್ಲರ್ ಕೋಳಿಮರಿಗೆ ಮೊದಲ ದಿನಗಳಲ್ಲಿ ಹಾಕುವ ಪ್ರೀ-ಸ್ಟಾರ್ಟರ್ ಆಹಾರದಲ್ಲಿ ಸುಮಾರು 23 ಇರುತ್ತದೆ. ಕೌಜುಗದ ಆಹಾರವೇ ಸಿಗದ ಊರಾದರೆ 5 ಕೆ.ಜಿ. ಪ್ರೀ-ಸ್ಟಾರ್ಟರಿಗೆ 1 ಕೆ.ಜಿ. ಸೋಯಾ ಹಿಂಡಿ ಬೆರೆಸಿ, ಹೆಚ್ಚುಕಮ್ಮಿ 27 ಆಗುತ್ತದೆ. ಹಸಿ ಸೋಯಾಕಾಳು ಅಲ್ಲ, ಪಶು ಆಹಾರದ ಅಂಗಡಿಯಲ್ಲಿ ಸಿಗುವ ಎಣ್ಣೆ ತೆಗೆದ ಹಿಂಡಿ. ಕಾಳು ದಪ್ಪ ಇದ್ದರೆ ಮರಿ ನುಂಗಲಾರದು. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ರವೆಯಷ್ಟು ಮಾಡಿ. ತೀರಾ ಹಿಟ್ಟಾದರೆ ಕೊಕ್ಕಿಗೆ ಅಂಟಿಕೊಳ್ಳುತ್ತದೆ.

ನಾಲ್ಕನೇ ವಾರದಿಂದ 24 ಪರ್ಸೆಂಟ್ ಸಾಕು. ಐದು ವಾರಕ್ಕೆ ಒಂದು ಹಕ್ಕಿ ಒಟ್ಟು ಅರ್ಧ ಕೆ.ಜಿ.ಯಷ್ಟು ತಿನ್ನುತ್ತದೆ. ಅಂದರೆ 50 ಮರಿಗೆ 25 ಕೆ.ಜಿ. ಬೆಳೆದ ಹಕ್ಕಿಗೆ ದಿನಕ್ಕೆ 25 ಗ್ರಾಂ ಲೆಕ್ಕ. ಇದು ಚೆಲ್ಲದಿದ್ದರೆ ಮಾತ್ರ! ಕೌಜುಗ ಆಹಾರವನ್ನು ಕೊಕ್ಕಿನಿಂದ ಅಕ್ಕಪಕ್ಕ ತೂರುತ್ತದೆ. ತೊಟ್ಟಿಯನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಮೇಲೆ ಜಾಲರಿ ತುಂಡು ಇಡಿ.

ಮೂರನೇ ವಾರದಿಂದ ಮುಂದೆ

ಮೂರು ವಾರಕ್ಕೆ ಗಂಡು ಹೆಣ್ಣು ಗೊತ್ತಾಗುತ್ತದೆ. ಎದೆಯ ಪುಕ್ಕ ಮಚ್ಚೆಯಿಲ್ಲದೆ ಕೆಂಗಂದು ಬಣ್ಣಕ್ಕಿದ್ದರೆ ಗಂಡು, ಮಾಸಲು ಬಣ್ಣದ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೆಣ್ಣು. ಬಿಳಿ ತಳಿಗಳಲ್ಲಿ ಈ ಗುರುತು ನಡೆಯೋದಿಲ್ಲ, ಆರನೇ ವಾರದವರೆಗೆ ಕಾಯಬೇಕು. ಆಗ ಗಂಡಿನ ಗುದದ್ವಾರದ ಮೇಲಿನ ಗಂಟು ಒತ್ತಿದರೆ ಬಿಳಿ ನೊರೆ ಬರುತ್ತದೆ. ಕೌಜುಗದಲ್ಲಿ ಹೆಣ್ಣೇ ಗಂಡಿಗಿಂತ ದಪ್ಪ.

ಕೇಜಿನ ಎತ್ತರದ ಬಗ್ಗೆ ಹುಷಾರು. ಹೆದರಿದ ಕೌಜುಗ ನೇರ ಮೇಲಕ್ಕೆ ಚಿಮ್ಮುತ್ತದೆ. ಎರಡು ಮೂರಡಿ ಎತ್ತರದ ಕೇಜಿನಲ್ಲಿ ವೇಗ ಸಿಕ್ಕಿ ತಲೆ ಹೊಡೆದುಕೊಂಡು ಸಾಯುತ್ತದೆ. ಹತ್ತು ಇಂಚು ಎತ್ತರ ಸಾಕು, ಇಲ್ಲವೇ ಆಳು ನಿಲ್ಲುವಷ್ಟು ಎತ್ತರದ ಬಲೆಕೋಣೆ ಮಾಡಿ. ಒಂದು ಚದರಡಿಗೆ ನಾಲ್ಕೈದು ಹಕ್ಕಿಗಿಂತ ಜಾಸ್ತಿ ತುಂಬಿದರೆ ಒಂದರ ತಲೆ ಒಂದು ಕುಕ್ಕುತ್ತವೆ. ನೆಲಕ್ಕೆ ಅರ್ಧ ಇಂಚಿನ ಮೆಶ್. ಒಂದು ಬಾಂಡ್ಲಿಯಲ್ಲಿ ಒಣ ಮರಳು ಅಥವಾ ಬೂದಿ ಇಟ್ಟರೆ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಕೋಳಿಗಳ ಜೊತೆ ಒಂದೇ ಶೆಡ್ಡಿನಲ್ಲಿ ಬಿಡಬೇಡಿ. ಕೋಳಿಗೆ ಏನೂ ಮಾಡದ ರೋಗ ಇದಕ್ಕೆ ತಗುಲುತ್ತದೆ, ಇದರಿಂದ ಅದಕ್ಕೂ ಹರಡಬಹುದು. ಮಂಕಾಗಿ ಕೂತು ನೀರುನೀರಾಗಿ ಬಿಳಿ ಹಿಕ್ಕೆ ಹಾಕುತ್ತಾ ದಿನಕ್ಕೆ ಒಂದೆರಡು ಸಾಯಲು ಶುರುವಾದರೆ ಕರುಳಿನ ಹುಣ್ಣಿನ ರೋಗ ಇರಬಹುದು. ಯಾರೋ ಹೇಳಿದ ಪುಡಿ ಹಾಕುತ್ತಾ ಕೂರದೆ, ಸತ್ತ ಹಕ್ಕಿಯನ್ನು ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಕೊಯ್ಯಿಸಿ ನೋಡಿ. ಒಮ್ಮೆಗೇ ಹತ್ತಾರು ಸತ್ತರೆ ಮುಟ್ಟಲೂ ಬೇಡಿ, ಪಶು ವೈದ್ಯರನ್ನೇ ಕರೆಸಿ. ಹಕ್ಕಿಜ್ವರ ಕೌಜುಗಕ್ಕೂ ಬರುತ್ತದೆ.

ಪಟ್ಟಣದವರಿಗೆ ಒಂದು ಕಿವಿಮಾತು: ಗಂಡು ಕೂಗುತ್ತದೆ. ಹುಂಜದಷ್ಟು ಜೋರಲ್ಲ, ಆದರೆ ರಾತ್ರಿಯೂ ಕೂಗುತ್ತದೆ. ಪಕ್ಕದ ಮನೆಯವರ ಕಿಟಕಿ ಎಲ್ಲಿದೆ ನೋಡಿಕೊಂಡು ಕೇಜ್ ಇಡಿ.

ಮೊಟ್ಟೆ ಶುರುವಾದ ಮೇಲೆ

ಮಾಂಸಕ್ಕಾದರೆ ಐದು ವಾರಕ್ಕೆ ಮುಗಿಯಿತು, ಅದಕ್ಕಿಂತ ಜಾಸ್ತಿ ಇಟ್ಟರೆ ಆಹಾರ ದಂಡ. ಮೊಟ್ಟೆಗಾದರೆ ಆರು ಏಳನೇ ವಾರಕ್ಕೆ ಶುರು. ಆಗ ಆಹಾರ ಬದಲಿಸಿ, ಪ್ರೋಟೀನ್ 20-22, ಕ್ಯಾಲ್ಸಿಯಂ 2.5ರಿಂದ 3 ಪರ್ಸೆಂಟ್ ಇರಲಿ. ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದ್ದು ತಾನೇ ತಿನ್ನುತ್ತದೆ. ಹಗಲು ನಮ್ಮಲ್ಲಿ 11ರಿಂದ 13 ಗಂಟೆ ಇರುತ್ತದೆ, ಮೊಟ್ಟೆಗೆ 16 ಗಂಟೆ ಬೆಳಕು ಬೇಕು. ಸಂಜೆ ಮೂರರಿಂದ ಐದು ಗಂಟೆ ಕಾಲ ಚಿಕ್ಕ ಎಲ್ಇಡಿ ಹಾಕಿದರೆ ಸಾಕು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ಕ್ಕೂ ಜಾಸ್ತಿ ಮೊಟ್ಟೆ.

ಕೋಳಿಯಂತೆ ಬೆಳಗ್ಗೆ ಹುಡುಕಬೇಡಿ, ಕೌಜುಗ ಮೊಟ್ಟೆ ಇಡೋದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಕತ್ತಲಾಗುವ ಹೊತ್ತಿಗೆ ಎತ್ತಿಕೊಳ್ಳಿ. ಒಂದೊಂದು ಹೆಣ್ಣಿನ ಮೊಟ್ಟೆಯ ಮೇಲೂ ಅದರದ್ದೇ ಮಚ್ಚೆ ಇರುತ್ತದೆ. ಒಂದು ದಪ್ಪ ಕಪ್ಪು ಮಚ್ಚೆ ಹಾಕಿದರೆ ಇನ್ನೊಂದು ಸಣ್ಣ ಚುಕ್ಕೆ ಎರಚುತ್ತದೆ, ಮಗದೊಂದು ಬರೀ ತಿಳಿಗಂದು. ನಾಲ್ಕೈದು ಹೆಣ್ಣು ಇರುವ ಕೇಜಾದರೆ ಮೊಟ್ಟೆ ನೋಡಿಯೇ ಇವತ್ತು ಯಾರು ಇಟ್ಟಿಲ್ಲ ಅಂತ ಹೇಳಬಹುದು. ಇಡುತ್ತಿದ್ದ ಹೆಣ್ಣು ಎರಡು ದಿನ ನಿಲ್ಲಿಸಿದರೆ ಕಾಯಿಲೆಯೋ, ಮೊಟ್ಟೆ ಸಿಕ್ಕಿಕೊಂಡಿದೆಯೋ ನೋಡಿ.

ಮತ್ತೆ ಮರಿ ಮಾಡಿಸುವುದಾದರೆ ಹತ್ತನೇ ವಾರದವರೆಗೆ ಕಾಯಿರಿ, ಶುರುವಿನ ಮೊಟ್ಟೆ ಚಿಕ್ಕವು. ಗಂಡನ್ನು ಹೆಣ್ಣುಗಳ ಜೊತೆ ಬಿಟ್ಟ ನಾಲ್ಕು ದಿನದ ನಂತರದ ಮೊಟ್ಟೆ ಕಾವಿಗೆ ಆಗುತ್ತವೆ. ಆರು ತಿಂಗಳು ದಾಟಿದ ಜೋಡಿಯಲ್ಲಿ ಬೀಜ ಕಟ್ಟೋದು ಕಮ್ಮಿಯಾಗುತ್ತದೆ. ಒಡಹುಟ್ಟಿದವುಗಳನ್ನೇ ಕೂಡಿಸುತ್ತಾ ಹೋದರೆ ಎರಡು ಮೂರು ತಲೆಮಾರಿಗೇ ಮರಿ ಹುಟ್ಟೋದು ಇಳಿಯುತ್ತದೆ, ಕೌಜುಗದಲ್ಲಿ ಈ ತೊಂದರೆ ಕೋಳಿಗಿಂತ ಬೇಗ ಕಾಣುತ್ತದೆ. ಹಾಗಾಗಿ ಪ್ರತಿ ತಲೆಮಾರಿಗೂ ಗಂಡುಗಳನ್ನು ಬೇರೆ ಫಾರಂನಿಂದ ತನ್ನಿ, ತಂದ ಮೇಲೆ ಎರಡು ವಾರ ಬೇರೆ ಕೇಜಿನಲ್ಲಿಟ್ಟು ನೋಡಿ ಆಮೇಲೆ ಹೆಣ್ಣುಗಳ ಜೊತೆ ಬಿಡಿ. ಬೇಡವಾದ ಹಕ್ಕಿಗಳನ್ನು ಮಾತ್ರ ಹೊಲಕ್ಕೋ ಕಾಡಿಗೋ ಬಿಡಬೇಡಿ. ಅವಕ್ಕೆ ಅಲ್ಲಿ ಬದುಕಲು ಬರೋದಿಲ್ಲ, ಬದುಕಿದರೆ ಇವುಗಳ ಹತ್ತಿರದ ನೆಂಟರಾದ ಕಾಡಿನ ಲಾವುಗೆಗಳ ಜೊತೆ ಬೆರೆತು ಆ ತಳಿಯನ್ನೂ ಕೆಡಿಸಬಹುದು.